ಒಂದೇ ಗ್ರಹಣ, ಮೂರು ಸಮಯ: ಯಮಳ ತಾರೆಯ ಕನಿಷ್ಠ ಕ್ಷಣ ತಾಳೆಯಾಗುತ್ತಿಲ್ಲ

ಪ್ರಶ್ನೆ:
ಜನವರಿ ಕೊನೆಯ ವಾರ ನಾವು ಮೂವರು ಬೇರೆ ಬೇರೆ ಕಡೆಯಿಂದ ಒಂದೇ ರಾತ್ರಿ ಡಬ್ಲ್ಯೂ ಉರ್ಸೆ ಮೇಜೋರಿಸ್ ಎಂಬ ಯಮಳ ತಾರೆಯ (ಒಂದನ್ನೊಂದು ಸುತ್ತುತ್ತ ಮರೆಮಾಡುವ ಎರಡು ತಾರೆಗಳ ಜೋಡಿ) ಗ್ರಹಣ ದಾಖಲಿಸಿದೆವು. ಮೂವರ ಬೆಳಕಿನ ರೇಖೆಯೂ (ಸಮಯದೊಂದಿಗೆ ಬೆಳಕು ಬದಲಾಗುವ ನಕ್ಷೆ) ಚೊಕ್ಕವಾಗಿದೆ. ಆದರೆ ಕನಿಷ್ಠ ಬೆಳಕಿನ ಕ್ಷಣ ಲೆಕ್ಕ ಹಾಕಿದರೆ ಎರಡನೆಯವರದು ನನ್ನದಕ್ಕಿಂತ 6 ನಿಮಿಷ 40 ಸೆಕೆಂಡ್ ತಡ. ಮೂರನೆಯವರದು ಅದಕ್ಕಿಂತಲೂ 1 ನಿಮಿಷ 10 ಸೆಕೆಂಡ್ ತಡ. ಎಲ್ಲರೂ ಎನ್‌ಟಿಪಿ (ಅಂತರ್ಜಾಲದಿಂದ ಸಮಯ ಪಡೆಯುವ ವ್ಯವಸ್ಥೆ) ಮೂಲಕ ಗಡಿಯಾರ ಹೊಂದಿಸಿದ್ದೆವು. ಎಕ್ಸ್‌ಪೋಷರ್ 30 ಸೆಕೆಂಡ್. ಸರಾಸರಿ ತೆಗೆದು ವರದಿ ಮಾಡಬಹುದೇ?

ಉತ್ತರ:
ದಯವಿಟ್ಟು ಸರಾಸರಿ ಬೇಡ. ಈ ತಾರೆಯ ಆವರ್ತ ಸುಮಾರು 8 ಗಂಟೆ, ಅದೂ ನಿಧಾನವಾಗಿ ಬದಲಾಗುತ್ತಿರುತ್ತದೆ. ಆ ಬದಲಾವಣೆ ಹಿಡಿಯುವುದಕ್ಕೇ ನಾವು ಕನಿಷ್ಠ ಕ್ಷಣಗಳನ್ನು ಅಳೆಯುವುದು. ಬೆರಕೆ ಸಮಯ ಒಳಗೆ ಬಂದರೆ ಮುಂದೆ ಒ–ಸಿ ನಕ್ಷೆ (ಕಂಡ ಸಮಯಕ್ಕೂ ಲೆಕ್ಕದ ಸಮಯಕ್ಕೂ ಇರುವ ವ್ಯತ್ಯಾಸದ ನಕ್ಷೆ) ನೋಡುವವರಿಗೆ ಇಲ್ಲದ ಮೂರನೇ ತಾರೆಯೊಂದು ಕಾಣಿಸೀತು.

ನಿಮ್ಮ ಅಂಕಿಗಳೇ ಕಾರಣ ಹೇಳುತ್ತಿವೆ. ಭೂಮಿ ಸೂರ್ಯನನ್ನು ಸುತ್ತುವಾಗ ತಾರೆಗೆ ಒಮ್ಮೆ ಹತ್ತಿರ, ಒಮ್ಮೆ ದೂರ. ಬೆಳಕು ಸೂರ್ಯನಿಂದ ಭೂಮಿಗೆ ಬರಲು 499 ಸೆಕೆಂಡ್ ಬೇಕು. ಈ ತಾರೆ ಕ್ರಾಂತಿವೃತ್ತದಿಂದ (ಭೂಮಿಯ ಕಕ್ಷೆಯ ಸಮತಲ) ಸುಮಾರು 39 ಡಿಗ್ರಿ ಮೇಲಿರುವುದರಿಂದ ಗರಿಷ್ಠ ವ್ಯತ್ಯಾಸ 385 ಸೆಕೆಂಡ್ ಆಸುಪಾಸು, ಜನವರಿ ಕೊನೆಯಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ಸಿಗುತ್ತದೆ. ಅಂದರೆ ನಿಮ್ಮದು ಬರಿಯ ಜೂಲಿಯನ್ ದಿನ (ಖಗೋಳಶಾಸ್ತ್ರದ ನಿರಂತರ ದಿನ ಎಣಿಕೆ), ಎರಡನೆಯವರದು ಸೂರ್ಯಕೇಂದ್ರಿತ ಎಚ್‌ಜೆಡಿ, ಅಂದರೆ ಸೂರ್ಯನಿಂದ ನೋಡಿದಂತೆ ತಿದ್ದಿದ ಸಮಯ. ನಿಮ್ಮ 400 ಸೆಕೆಂಡ್ ವ್ಯತ್ಯಾಸದಲ್ಲಿ ಉಳಿದ 15 ಸೆಕೆಂಡ್ ನಿಮ್ಮ ಎಕ್ಸ್‌ಪೋಷರ್‌ನ ಅರ್ಧ. ಫಿಟ್ಸ್ ಹೆಡರ್‌ನಲ್ಲಿ (ಚಿತ್ರದ ಕಡತದ ತಲೆಬರಹ) ಸಾಮಾನ್ಯವಾಗಿ ಇರುವುದು ಆರಂಭದ ಸಮಯ, ನಮಗೆ ಬೇಕಿರುವುದು ನಡುವಿನದು.

ಮೂರನೆಯವರದು ಬಿಜೆಡಿ (ಸೌರವ್ಯೂಹದ ದ್ರವ್ಯಕೇಂದ್ರದಿಂದ ನೋಡಿದಂತೆ ತಿದ್ದಿದ ಸಮಯ) ಇರಬೇಕು, ಟಿಡಿಬಿ ಎಂಬ ಏಕರೂಪದ ಖಗೋಳ ಸಮಯ ಮಾಪನದಲ್ಲಿ. 2017ರಿಂದ ಟಿಡಿಬಿ ಯುಟಿಸಿಗಿಂತ (ಗಡಿಯಾರಗಳು ಅನುಸರಿಸುವ ವಿಶ್ವ ಸಮಯ) 69.2 ಸೆಕೆಂಡ್ ಮುಂದಿದೆ. ಸೌರವ್ಯೂಹದ ದ್ರವ್ಯಕೇಂದ್ರ ಸೂರ್ಯನ ಕೇಂದ್ರದಲ್ಲೇ ಇಲ್ಲದ್ದರಿಂದ ಇನ್ನೊಂದು ನಾಲ್ಕು ಸೆಕೆಂಡ್‌ವರೆಗೆ ಹೆಚ್ಚುಕಡಿಮೆ ಆಗಬಹುದು. ಹೆಡರ್ ತೆರೆದು ನೋಡಿ ತಿಳಿಸಿ.

ಪ್ರಶ್ನೆ ಕೇಳಿದವರು:
ಹೌದು, ಹಾಗೆಯೇ ಇದೆ. ಮೂರನ್ನೂ ಬಿಜೆಡಿ–ಟಿಡಿಬಿಗೆ ತಂದ ಮೇಲೆ ಮೂರೂ ಕೆಲವೇ ಸೆಕೆಂಡ್‌ಗಳೊಳಗೆ ಕೂಡಿಬಂದವು!

ಇದೇ ತಂಡ ಕ್ಷುದ್ರಗ್ರಹವೊಂದು ನಕ್ಷತ್ರವನ್ನು ಮರೆಮಾಡಿದ್ದನ್ನೂ ದಾಖಲಿಸಿದೆ. ಅಲ್ಲಿ ಒಬ್ಬರ ಜ್ಯಾ (ಅವರಿಗೆ ನಕ್ಷತ್ರ ಮರೆಯಾಗಿದ್ದ ಅವಧಿಯಿಂದ ಕ್ಷುದ್ರಗ್ರಹದ ಮೇಲೆ ಎಳೆಯುವ ಅಡ್ಡಗೆರೆ) ಮಾತ್ರ ಪಕ್ಕಕ್ಕೆ ಸರಿದಿದೆ. ನಕ್ಷತ್ರ ಮರೆಯಾದದ್ದೂ ಮರಳಿ ಕಂಡದ್ದೂ ಎರಡೂ ನಿರೀಕ್ಷೆಗಿಂತ ಸುಮಾರು 1 ಸೆಕೆಂಡ್ ತಡ, ಅವಧಿ ಸರಿಯಾಗಿದೆ. ಇದಕ್ಕೂ ಬಿಜೆಡಿ ತಿದ್ದುಪಡಿ ಬೇಕೇ?

ಉತ್ತರ:
ಇಲ್ಲ, ಇಲ್ಲಿ ಅದನ್ನು ಮುಟ್ಟಲೇಬೇಡಿ. ಯಮಳ ತಾರೆಯಲ್ಲಿ ಘಟನೆ ನಡೆಯುವುದು ಅಲ್ಲಿ. ಆಚ್ಛಾದನೆಯಲ್ಲಿ, ಅಂದರೆ ಕ್ಷುದ್ರಗ್ರಹ ನಕ್ಷತ್ರವನ್ನು ಮರೆಮಾಡುವಾಗ, ನಾವು ಅಳೆಯುವುದು ನಮ್ಮ ನೆಲದ ಮೇಲೆ ಹಾದುಹೋಗುವ ನೆರಳನ್ನು. ನಿಂತ ಜಾಗದ ಯುಟಿಸಿ ಮತ್ತು ಡಬ್ಲ್ಯೂಜಿಎಸ್ 84 (ಜಿಪಿಎಸ್ ಬಳಸುವ ಸ್ಥಾನ ಪದ್ಧತಿ) ನಿರ್ದೇಶಾಂಕ, ಇಷ್ಟೇ ಸಾಕು.

ಆದರೆ ನಿಖರತೆ ಬೇರೆಯೇ ಮಟ್ಟದ್ದು. ನೆರಳು ಸೆಕೆಂಡಿಗೆ 15 ಕಿ.ಮೀ. ಓಡುತ್ತಿದ್ದರೆ 1 ಸೆಕೆಂಡ್ ತಪ್ಪು ಜ್ಯಾವನ್ನು ಅಷ್ಟೇ ದೂರ ತಳ್ಳುತ್ತದೆ. ಚಿಕ್ಕ ಕ್ಷುದ್ರಗ್ರಹವಾದರೆ ಆಕಾರವೇ ಕೆಟ್ಟುಹೋಯಿತು. ಎರಡೂ ಅಂಚು ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ ಸರಿದಿವೆ ಅಂದರೆ ನನಗೆ ಮೊದಲು ಅನುಮಾನ ಗಡಿಯಾರದ ಮೇಲೆ, ಕ್ಷುದ್ರಗ್ರಹದ ಆಕಾರದ ಮೇಲಲ್ಲ. ಎನ್‌ಟಿಪಿ ಕಂಪ್ಯೂಟರ್‌ನ ಗಡಿಯಾರವನ್ನಷ್ಟೇ ಸರಿಪಡಿಸುತ್ತದೆ. ಫ್ರೇಮ್ ಕ್ಯಾಮೆರಾದಿಂದ ಯುಎಸ್‌ಬಿ ದಾಟಿ ಬರುವಾಗ ಆಗುವ ವಿಳಂಬ ಅದಕ್ಕೆ ಕಾಣಿಸುವುದಿಲ್ಲ.

ಇನ್ನೊಬ್ಬರು:
ಅದನ್ನು ಅಳೆಯುವ ದಾರಿ ಇದೆ. ಜಿಪಿಎಸ್‌ನ ಪಿಪಿಎಸ್ ಸಂಕೇತಕ್ಕೆ (ಸೆಕೆಂಡಿಗೊಂದು ಮಿಡಿತ) ಎಲ್‌ಇಡಿ ಜೋಡಿಸಿ, ಪ್ರತಿ ಸೆಕೆಂಡ್ ಆರಂಭಕ್ಕೆ ಅದು ಮಿನುಗುವಂತೆ ಮಾಡಿ, ದೂರದರ್ಶಕದ ಬಾಯಿಗೆ ಹಿಡಿದು ರೆಕಾರ್ಡ್ ಮಾಡಿ. ಅದೇ ಕ್ಯಾಮೆರಾ, ಅದೇ ಎಕ್ಸ್‌ಪೋಷರ್, ಅದೇ ಫ್ರೇಮ್ ಗಾತ್ರ ಇರಲಿ. ರೋಲಿಂಗ್ ಶಟರ್ (ಚಿತ್ರವನ್ನು ಸಾಲುಸಾಲಾಗಿ ದಾಖಲಿಸುವ ಬಗೆ) ಇದ್ದರೆ ನಕ್ಷತ್ರ ಯಾವ ಸಾಲಿನಲ್ಲಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ವಿಳಂಬ ಪ್ರತಿ ಸಲವೂ ಅಷ್ಟೇ ಬಂದರೆ ಹಳೆಯ ದಾಖಲೆಗೆ ಆ ತಿದ್ದುಪಡಿ ಹಾಕಿ, ಹೇಗೆ ಅಳೆದಿರಿ ಎಂದು ವರದಿಯಲ್ಲಿ ಬರೆಯಿರಿ. ಏರಿಳಿಯುತ್ತಿದ್ದರೆ ಅವಧಿಯನ್ನು ಮಾತ್ರ ಉಳಿಸಿಕೊಂಡು, ಸಮಯದ ದೋಷಮಿತಿಯನ್ನು ±1 ಸೆಕೆಂಡ್ ಅಥವಾ ಹೆಚ್ಚು ಎಂದು ನಮೂದಿಸಿ. ಉಳಿದಿಬ್ಬರ ಜ್ಯಾಗಳಿಗೆ ಹೊಂದಿಸಿದ ಕ್ಷುದ್ರಗ್ರಹದ ದೀರ್ಘವೃತ್ತಕ್ಕೆ ಕೂಡಲಿ ಎಂದು ಮಾತ್ರ ಜ್ಯಾವನ್ನು ಎಳೆದು ಕೂರಿಸಬೇಡಿ. ಮುಂದಿನ ಸಲ ಘಟನೆಗೆ ಮುನ್ನ ಮತ್ತು ನಂತರ ಎಲ್‌ಇಡಿ ಮಿನುಗನ್ನು ಅದೇ ವಿಡಿಯೊದಲ್ಲಿ ಸೇರಿಸಿಬಿಡಿ.