ಅಮ್ಮಂಗೆ ಗ್ಲಾಕೋಮಾ, ಕಣ್ಣಿನ ಪ್ರೆಶರ್ ಇಳಿದಿದೆ ಆದ್ರೂ ನರ ತೆಳ್ಳಗಾಗ್ತಿದೆ, ಏನ್ ಮಾಡೋದು?

ಗಾಂಧಿಬಜಾರ್_ಹುಡುಗಿ
ಎಲ್ರಿಗೂ ನಮಸ್ಕಾರ. ಅಮ್ಮಂಗೆ 63. ಹೋದ್ ವರ್ಷ ಕನ್ನಡಕ ಬದಲಾಯಿಸೋಕೆ ಅಂತ ಹೋದಾಗ ಗ್ಲಾಕೋಮಾ (ಕಣ್ಣಿನ ನರ ಹಾಳಾಗೋ ಕಾಯಿಲೆ) ಗೊತ್ತಾಯ್ತು, ಆಗ ಕಣ್ಣೊಳಗಿನ ಪ್ರೆಶರ್ 28 ಇತ್ತು, ಡ್ರಾಪ್ಸ್ ಹಾಕ್ತಾ 18ಕ್ಕೆ ಬಂತು. ಆದ್ರೆ ಮೊನ್ನೆ ಓಸಿಟಿ ಸ್ಕ್ಯಾನಲ್ಲಿ (ಕಣ್ಣಿನ ಹಿಂಭಾಗದ ಪದರ ಎಷ್ಟು ದಪ್ಪ ಇದೆ ಅಂತ ಅಳೆಯೋದು) ನರದ ಪದರ ಕೆಳಗಡೆ ಪೂರ್ತಿ ಕೆಂಪು, ಅಂದ್ರೆ ತೀರಾ ತೆಳ್ಳಗೆ ಅಂತ ಬಂದಿದೆ. ಅಡುಗೆಮನೇಲಿ ಮೇಲಿನ ಕಪಾಟಿನ ಬಾಗಿಲು ತೆಗೆದಿರೋದು ಕಾಣದೆ ಎರಡು ಸಲ ಹಣೆ ಹೊಡಿಸ್ಕೊಂಡ್ರು, ನಂಗೆ ನೋಡೋಕಾಗ್ತಿಲ್ಲ. ವಾಟ್ಸಾಪಲ್ಲಿ ವಿಟಮಿನ್ ಬಿ3 ತಗೊಂಡ್ರೆ ನರ ಉಳಿಯುತ್ತೆ ಅಂತ ಬಂದಿದೆ, ಕೊಡಬಹುದಾ?

ಕಣ್_ಟೆಸ್ಟ್_ರಾಜಾಜಿನಗರ
ನಾನು ಆಪ್ಟೋಮೆಟ್ರಿಸ್ಟ್ (ಕಣ್ಣು ಪರೀಕ್ಷೆ ಮಾಡೋನು) ಮೇಡಂ. ಕಪಾಟಿನ ವಿಷ್ಯ ಡಾಕ್ಟರ್‌ಗೆ ತಪ್ಪದೆ ಹೇಳಿ, ಕಣ್ಣಿನ ಹಿಂದಿನ ಪರದೆ, ಅಂದ್ರೆ ರೆಟಿನಾದ ಕೆಳಭಾಗ ನೋಡೋದು ಮೇಲಿನ ದೃಶ್ಯನ, ಹಾಗಾಗಿ ಸ್ಕ್ಯಾನ್‌ಗೂ ಅದಕ್ಕೂ ತಾಳೆ ಆಗ್ತಿದೆ. ರೆಟಿನಾದಲ್ಲಿ ಗ್ಯಾಂಗ್ಲಿಯಾನ್ ಸೆಲ್ಸ್ ಅಂತ ಇರ್ತವೆ, ಒಂದು ಕಣ್ಣಿಗೆ ಹೆಚ್ಚುಕಡಿಮೆ 10 ಲಕ್ಷ, ಅವುಗಳ ಎಳೆಗಳೆಲ್ಲ ಸೇರಿ ಕಣ್ಣಿನ ಹಿಂದೆ ಜರಡಿ ಥರದ ಒಂದು ಜಾಗದಲ್ಲಿ ತೂರಿ ಮೆದುಳಿಗೆ ಹೋಗ್ತವೆ, ಒತ್ತಡ ಜಾಸ್ತಿ ಆದ್ರೆ ಅಲ್ಲೇ ಎಳೆ ನಲುಗಿ ಸೆಲ್‌ಗೆ ಬರಬೇಕಾದ ಪೋಷಣೆ ನಿಲ್ಲುತ್ತೆ. ಸತ್ತ ಸೆಲ್ ವಾಪಸ್ ಬರಲ್ಲ, ಇರೋದನ್ನ ಕಾಪಾಡ್ಕೊಳ್ಳೋದೇ ಕೆಲಸ.

ಬಿ3 ಸುಳ್ಳಲ್ಲ. 2017ರಲ್ಲಿ ಇಲಿಗಳ ಮೇಲೆ ನಿಕೋಟಿನಮೈಡ್ (ಬಿ3ಯ ಒಂದು ರೂಪ) ಚೆನ್ನಾಗಿ ಕೆಲಸ ಮಾಡ್ತು, ಆಮೇಲೆ ಮನುಷ್ಯರ ಮೇಲೆ ನಡೆದ ಚಿಕ್ಕ ಪ್ರಯೋಗಗಳಲ್ಲೂ ಸ್ವಲ್ಪ ಆಶಾದಾಯಕ ಫಲಿತಾಂಶ ಬಂತು. ಆದ್ರೆ ಅಲ್ಲಿ ಕೊಟ್ಟಿದ್ದು ದಿನಕ್ಕೆ 1ರಿಂದ 3 ಗ್ರಾಂ, ಅಷ್ಟು ಡೋಸ್ ಲಿವರ್‌ಗೆ ತೊಂದ್ರೆ ಮಾಡಬಹುದು, ಡಾಕ್ಟರ್ ಕೇಳದೆ ಖಂಡಿತ ಕೊಡಬೇಡಿ. ಮೆಮಾಂಟಿನ್ ಅನ್ನೋ ಮಾತ್ರೆ ಮೇಲೂ ತುಂಬಾ ಭರವಸೆ ಇತ್ತು, 2018ರಲ್ಲಿ ದೊಡ್ಡ ಟ್ರಯಲ್ ಫಲಿತಾಂಶ ಬಂದಾಗ ಉಪಯೋಗ ಕಾಣಲಿಲ್ಲ. ಇವತ್ತಿಗೆ ಗಟ್ಟಿಯಾಗಿ ಸಾಬೀತಾಗಿರೋದು ಪ್ರೆಶರ್ ಇಳಿಸೋದೊಂದೇ, ಒಂದೊಂದು ಪಾಯಿಂಟ್ ಇಳಿದ್ರೂ ಹಾನಿಯ ಅಪಾಯ ಸುಮಾರು 10% ಕಮ್ಮಿ. 18 ಎಲ್ರಿಗೂ ಸಾಕಾಗಲ್ಲ, ಕೆಲವರಿಗೆ 12-13ಕ್ಕೆ ತರಬೇಕಾಗುತ್ತೆ. ಅಮ್ಮಂಗೆ ಪ್ರೆಶರ್ ಟಾರ್ಗೆಟ್ ಎಷ್ಟು ಅಂತ ಡಾಕ್ಟರ್‌ನ ಕೇಳಿ, ಪ್ರೆಶರ್ ಇಳಿಸೋ ಲೇಸರ್ ಬಗ್ಗೆನೂ ಕೇಳಿ.

ಮಲ್ಲೇಶ್ವರಂ_ತಾತ
ನೋಡಮ್ಮ, ನಂಗೆ 11 ವರ್ಷದಿಂದ ಇದೆ. ಮೊದ್ಲು ಅಮ್ಮ ಡ್ರಾಪ್ಸ್ ಹೆಂಗ್ ಹಾಕ್ಕೋತಾರೆ ಅಂತ ಪಕ್ಕದಲ್ಲಿ ನಿಂತು ನೋಡು. ನಾನು ಎರಡು ವರ್ಷ ತಪ್ಪಾಗೇ ಹಾಕ್ತಿದ್ದೆ, ಅಷ್ಟರಲ್ಲಿ ಎಡಗಣ್ಣಿನ ಪಕ್ಕನೋಟ ಹೋಯ್ತು, ಅದಿನ್ನೂ ಹೊಟ್ಟೆ ಉರಿಸುತ್ತೆ. ಮಲಗಿಸಿ ಕೆಳರೆಪ್ಪೆ ಎಳೆದು ಒಂದೇ ಹನಿ, ಕಣ್ಮುಚ್ಚಿ ಮೂಗಿನ ಪಕ್ಕದ ಮೂಲೇನ ಎರಡು ನಿಮಿಷ ಮೆತ್ತಗೆ ಒತ್ತಿ ಹಿಡೀಬೇಕು, ಇನ್ನೊಂದು ಔಷಧಿ ಇದ್ರೆ ಐದು ನಿಮಿಷ ಬಿಟ್ಟು. ಅಲರ್ಜಿಗೆ ಅಂತ ಮೆಡಿಕಲ್ ಶಾಪಲ್ಲಿ ಸ್ಟಿರಾಯ್ಡ್ ಡ್ರಾಪ್ಸ್ ತಗೋಬೇಡಿ, ಅದರಿಂದಲೇ ಪ್ರೆಶರ್ ಏರುತ್ತೆ. ಯೋಗ ಮಾಡ್ತಾರಾ?

ಗಾಂಧಿಬಜಾರ್_ಹುಡುಗಿ
ಹೌದು ಅಂಕಲ್, ಪಾರ್ಕಲ್ಲಿ ದಿನಾ ಬೆಳಿಗ್ಗೆ, ಶೀರ್ಷಾಸನನೂ ಮಾಡ್ತಾರೆ.

ಕಣ್_ಟೆಸ್ಟ್_ರಾಜಾಜಿನಗರ
ಶೀರ್ಷಾಸನ ಇವತ್ತೇ ನಿಲ್ಲಿಸಿ! ತಲೆಕೆಳಗಾದಾಗ ಪ್ರೆಶರ್ ಹೆಚ್ಚುಕಡಿಮೆ ಎರಡರಷ್ಟಾಗುತ್ತೆ, ಚೆನ್ನೈನಲ್ಲಿ ಅಳೆದೇ ನೋಡಿದ್ದಾರೆ. ವಾಕಿಂಗ್ ಧಾರಾಳವಾಗಿ ಮಾಡ್ಲಿ. ನೀವೂ ಒಡಹುಟ್ಟಿದವರೂ ಚೆಕ್ ಮಾಡಿಸ್ಕೊಳ್ಳಿ, ಇದು ಮನೆತನದಲ್ಲಿ ಬರುತ್ತೆ. ಖರ್ಚಿನ ಯೋಚನೆ ಇದ್ರೆ ಮಿಂಟೋ ಸರ್ಕಾರಿ ಆಸ್ಪತ್ರೆ ಇದೆ.

ಗಾಂಧಿಬಜಾರ್_ಹುಡುಗಿ
ರಾತ್ರಿ ನಿಂತು ನೋಡಿದೆ ಅಂಕಲ್. ಕನ್ನಡಿ ಮುಂದೆ ನಿಂತ್ಕೊಂಡೇ ಹಾಕ್ಕೋತಾರೆ, ಮೊದಲ್ನೇ ಹನಿ ರೆಪ್ಪೆ ಮೇಲೆ ಬಿತ್ತು, ಎರಡನೇದು ಕೆನ್ನೆ ಮೇಲೆ ಇಳೀತು, ಸೆರಗಲ್ಲಿ ಒರೆಸ್ಕೊಂಡು ಆಯ್ತು ಅಂದ್ರು. ಬಾಟಲಿ ತೆಗೆದು ಮೂರು ತಿಂಗಳಾಗಿದೆಯಂತೆ. ಹೊಸದು ತಂದೆ, ಇನ್ಮೇಲೆ ದಿನಾ ಒಂಬತ್ತು ಗಂಟೆಗೆ ನನ್ನ ತೊಡೆ ಮೇಲೆ ಮಲಗಿಸಿ ನಾನೇ ಹಾಕ್ತೀನಿ. ಗುರುವಾರ ಅಪಾಯಿಂಟ್‌ಮೆಂಟ್, ಅಣ್ಣಂದೂ ನಂದೂ ಸೇರಿಸಿ.