ಹೊಸ ಊರಿಗೆ ಹೋದಾಗ ಅಲ್ಲೇ ಬೆಳೆದದ್ದನ್ನು ಬಡಿಸುವ ಹೋಟೆಲ್ ಹುಡುಕುವುದು ಹೇಗೆ?

ದಾರಿಹೋಕ:
ಕೆಲಸದ ಮೇಲೆ ಹೆಚ್ಚುಕಡಿಮೆ ಪ್ರತಿ ತಿಂಗಳೂ ಒಂದು ಹೊಸ ನಗರಕ್ಕೆ ಹೋಗುತ್ತೇನೆ. ಎರಡು ಮೂರು ದಿನ, ಅಷ್ಟೇ. ಈಗೀಗ ಎಲ್ಲಿಗೆ ಹೋದರೂ ಒಂದೇ ತಟ್ಟೆ ಮುಂದೆ ಕೂತ ಹಾಗೆ ಅನ್ನಿಸುತ್ತಿದೆ. ಆ ಊರಿನ ಸುತ್ತಮುತ್ತ ಬೆಳೆದ ತರಕಾರಿ, ಅಲ್ಲೇ ಕರೆದ ಹಾಲು, ಹತ್ತಿರದ ನೀರಿನಲ್ಲಿ ಹಿಡಿದ ಮೀನು, ಇಂಥದ್ದನ್ನು ಬಳಸುವ ಹೋಟೆಲ್ ಬೇಕು. ಮೊಬೈಲಲ್ಲಿ 'ಲೋಕಲ್ ಫುಡ್' ಅಂತ ಹುಡುಕಿದರೆ ನಾನು ನಿಂತ ಜಾಗಕ್ಕೆ ಹತ್ತಿರ ಇರುವ ಹೋಟೆಲ್‌ಗಳನ್ನೆಲ್ಲ ತೋರಿಸುತ್ತದೆ. ನಾನು ಕೇಳಿದ್ದು ಅದಲ್ಲ.

ಹೋದ ತಿಂಗಳು ಒಂದು ಕಡೆ ಗೋಡೆ ತುಂಬಾ ಹೊಲದ ಫೋಟೊ, ಮೆನು ಮೇಲೆ ದಪ್ಪಕ್ಷರದಲ್ಲಿ 'ನಮ್ಮ ರೈತರಿಂದ ನೇರವಾಗಿ'. ಖುಷಿಯಿಂದ ಕೂತೆ. ಕೈ ತೊಳೆಯಲು ಹಿಂದೆ ಹೋದರೆ ಅಡುಗೆಮನೆ ಬಾಗಿಲಲ್ಲಿ ಫ್ರೋಜನ್ ತರಕಾರಿಯ ಖಾಲಿ ಪೆಟ್ಟಿಗೆಗಳ ರಾಶಿ! ಇಂಥವರನ್ನು ಮೊದಲೇ ಗುರುತು ಹಿಡಿಯುವುದು ಹೇಗೆ? ಗೊತ್ತಿದ್ದವರು ಹೇಳಿ.

ಸಂತೆಪ್ರಿಯೆ:
ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಆ ಊರಿನ ಅಡುಗೆ ಬೇರೆ, ಆ ಊರಲ್ಲಿ ಬೆಳೆದದ್ದು ಬೇರೆ. ನೂರು ವರ್ಷದ ಹಳೇ ಅಡುಗೆಯನ್ನು ದೂರದಿಂದ ಲಾರಿಯಲ್ಲಿ ಬಂದ ಸಾಮಾನಿನಲ್ಲೇ ಮಾಡಬಹುದು. ಹೊರಗಿನ ಅಡುಗೆಯನ್ನು ಪಕ್ಕದ ತೋಟದ ಸೊಪ್ಪಿನಲ್ಲಿ ಮಾಡುವವರೂ ಇದ್ದಾರೆ. ನಿಮಗೆ ಯಾವುದು ಬೇಕು ಅನ್ನುವುದರ ಮೇಲೆ ಹುಡುಕಾಟವೇ ಬದಲಾಗುತ್ತದೆ.

ನಾನು ಹೋಟೆಲ್ ಹುಡುಕುವುದೇ ಇಲ್ಲ, ಮಾರ್ಕೆಟ್ ಹುಡುಕುತ್ತೇನೆ. ಬೆಳಗ್ಗೆ ಬೇಗ ಎದ್ದು ಬೆಳೆದವರೇ ತಂದು ಮಾರುವ ಕಡೆ ಹೋಗಿ, ಏನಾದರೂ ಸ್ವಲ್ಪ ಕೊಂಡು, ಆಮೇಲೆ "ನಿಮ್ಮ ಹತ್ತಿರ ಯಾವ ಹೋಟೆಲ್‌ನವರು ತೆಗೆದುಕೊಂಡು ಹೋಗುತ್ತಾರೆ?" ಅಂತ ಕೇಳಿ. ಕೊಳ್ಳದೆ ಕೇಳಿದರೆ ಉತ್ತರ ಚುಟುಕಾಗಿರುತ್ತದೆ, ಅನುಭವದ ಮಾತು. ಆದರೆ ಎಲ್ಲಾ ಮಾರ್ಕೆಟ್ಟೂ ಇದಕ್ಕೆ ಆಗಲ್ಲ. ದೊಡ್ಡ ಹೋಲ್‌ಸೇಲ್ ಮಂಡಿಗೆ ಎಲ್ಲೆಲ್ಲಿಂದಲೋ ಮಾಲು ಬಂದು ಬೀಳುತ್ತದೆ. ಒಬ್ಬರೇ ಮುಂದೆ ಇಪ್ಪತ್ತು ಮೂವತ್ತು ಥರ ಹಣ್ಣು ತರಕಾರಿ, ಎಲ್ಲವೂ ಒಂದೇ ಸೈಜಿನದ್ದು ಜೋಡಿಸಿಟ್ಟಿದ್ದರೆ ಅವರು ಸಾಮಾನ್ಯವಾಗಿ ತಂದು ಮಾರುವವರು. ಮಣ್ಣು ಮೆತ್ತಿಕೊಂಡ ಎರಡು ಮೂರು ಥರದ್ದು ಮಾತ್ರ ಇಟ್ಟುಕೊಂಡು ಕೂತವರನ್ನು ಕೇಳಿ.

ಒಲೆಮುಂದೆ:
ನಾನು ಹೋಟೆಲ್ ಅಡುಗೆಮನೆಯಲ್ಲೇ ಇರುವವನು. ಸಂತೆಪ್ರಿಯೆ ಹೇಳಿದ್ದು ಸರಿ, ಆದರೆ ಎರಡು ದಿನಕ್ಕೆ ಬಂದವರಿಗೆ ಬೆಳಗ್ಗೆ ಮಾರ್ಕೆಟ್ ಸುತ್ತಲು ಪುರುಸೊತ್ತು ಎಲ್ಲಿರುತ್ತದೆ? ಮೆನು ನೋಡಿ, ಅರ್ಧ ಗೊತ್ತಾಗುತ್ತದೆ.

ಸಣ್ಣ ರೈತನಿಗೆ ದಿನಾ ಒಂದೇ ಲೆಕ್ಕದಲ್ಲಿ ಮಾಲು ಕೊಡಲು ಆಗುವುದಿಲ್ಲ. ಇವತ್ತು ಹತ್ತು ಕೆಜಿ ಬರುತ್ತದೆ, ನಾಳೆ ಮಳೆ ಬಂದರೆ ಎರಡು ಕೆಜಿ, ನಾಡಿದ್ದು ಇಲ್ಲವೇ ಇಲ್ಲ. ಹಾಗಾಗಿ ಅವರನ್ನು ನಂಬಿದ ಹೋಟೆಲ್‌ನಲ್ಲಿ ಮೆನು ಚಿಕ್ಕದಿರಬೇಕು, ಬದಲಾಗುತ್ತಿರಬೇಕು, ಕೆಲವು ಐಟಂ ಖಾಲಿ ಆಗಲೇಬೇಕು. ಪ್ಲಾಸ್ಟಿಕ್ ಹಾಕಿಸಿದ ಎಂಟು ಪುಟದ ಮೆನು, ವರ್ಷವಿಡೀ ಅದೇ ಇನ್ನೂರು ಐಟಂ ಅಂದರೆ ಹಿಂದೆ ದೊಡ್ಡ ಫ್ರೀಜರ್ ಇದೆ ಅಂತ ಅರ್ಥ. ಫ್ರೀಜರ್ ಇರುವುದು ತಪ್ಪಲ್ಲ, ನಮ್ಮಲ್ಲೂ ಇದೆ. ಸುಮ್ನೆ ಹೊಲದ ಫೋಟೊ ಹಾಕಿದ್ದಕ್ಕೆ ಬೇಜಾರು.

ಇದನ್ನು ಹೋಗುವ ಮೊದಲೇ ನೋಡಬಹುದು. ಮ್ಯಾಪ್‌ನಲ್ಲಿ ಆ ಹೋಟೆಲ್ ತೆರೆದು, ಗಿರಾಕಿಗಳು ಹಾಕಿದ ಮೆನು ಫೋಟೊಗಳನ್ನು ತಾರೀಕಿನ ಪ್ರಕಾರ ನೋಡಿ. ಬೇಸಿಗೆಯದ್ದೊಂದು, ಚಳಿಗಾಲದ್ದೊಂದು. ಎರಡೂ ಒಂದೇ ಇದ್ದರೆ ಬಿಟ್ಟುಬಿಡಿ.

ಇನ್ನೊಂದು, "ಎಲ್ಲಾ ಲೋಕಲ್ಲಾ?" ಅಂತ ಕೇಳಬೇಡಿ. ಸಪ್ಲೈಯರ್ ಹೌದು ಅಂತಲೇ ಹೇಳುತ್ತಾರೆ, ಪಾಪ ಅವರಿಗೇನು ಗೊತ್ತಿರುತ್ತದೆ. "ಇವತ್ತು ಹತ್ತಿರದಿಂದ ಬಂದದ್ದು ಏನಿದೆ, ಯಾರ ಹತ್ತಿರದ್ದು?" ಅಂತ ಕೇಳಿ. ನಿಜವಾಗಿ ತರಿಸುವ ಕಡೆ ಸಪ್ಲೈಯರ್‌ಗೆ ಗೊತ್ತಿಲ್ಲದಿದ್ದರೂ ಒಳಗೆ ಹೋಗಿ ಕೇಳಿಕೊಂಡು ಬರುತ್ತಾರೆ, ಒಮ್ಮೊಮ್ಮೆ ಅಡುಗೆಯವರೇ ಹೊರಗೆ ಬಂದು ಹೇಳುತ್ತಾರೆ. ನಾವು ಇಂಥ ಪ್ರಶ್ನೆಗೆ ಕಾದು ಕೂತಿರುತ್ತೇವೆ, ನಂಬಿ. ಫೋನ್ ಮಾಡುವುದಾದರೆ ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಮಾಡಿ. ಊಟದ ರಶ್‌ನಲ್ಲಿ ಮಾಡಿದರೆ ಬೈಸಿಕೊಳ್ಳುತ್ತೀರಿ. ಉಪ್ಪು, ಎಣ್ಣೆ, ಕಾಳುಮೆಣಸು ದೂರದ್ದು ಅಂದರೆ ಮುಖ ಸಿಂಡರಿಸಬೇಡಿ. ನೂರಕ್ಕೆ ನೂರು ಅನ್ನುವವರ ಮೇಲೇ ನನಗೆ ಅನುಮಾನ ಜಾಸ್ತಿ.

ಅಡ್ಡಪ್ರಶ್ನೆ:
ಎಲ್ಲಾ ಸರಿ, ಹತ್ತಿರ ಅಂದರೆ ಎಷ್ಟು ಹತ್ತಿರ? ಇದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಅಮೆರಿಕದ 2008ರ ಕೃಷಿ ಕಾನೂನಿನ ಪ್ರಕಾರ 400 ಮೈಲಿ ಒಳಗೆ ಸಾಗಿಸಿದ್ದು ಅಥವಾ ಅದೇ ರಾಜ್ಯದ್ದು ಲೋಕಲ್. ಅಂದರೆ ಸುಮಾರು 640 ಕಿಲೋಮೀಟರ್! ಅದೇ 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 'ಲೋಕವೋರ್' (ಹತ್ತಿರ ಬೆಳೆದದ್ದನ್ನೇ ತಿನ್ನುವವರು) ಅನ್ನುವ ಪದ ಹುಟ್ಟುಹಾಕಿದವರು 100 ಮೈಲಿಯ ಗೆರೆ ಎಳೆದುಕೊಂಡಿದ್ದರು. ಹೋಟೆಲ್‌ನವರು ತಮಗೆ ಬೇಕಾದ ಗೆರೆ ಎಳೆದುಕೊಳ್ಳುತ್ತಾರೆ, ಅಲ್ವಾ?

ಸುಳ್ಳು ಹೇಳುವುದೂ ಹೊಸದಲ್ಲ. 2016ರಲ್ಲಿ ಫ್ಲಾರಿಡಾದ ಟ್ಯಾಂಪಾ ಬೇ ಟೈಮ್ಸ್ ಪತ್ರಿಕೆಯ ಆಹಾರ ವಿಮರ್ಶಕಿ ಲಾರಾ ರೈಲಿ ಹೋಟೆಲ್ ಮೆನುಗಳಲ್ಲಿದ್ದ ಹೆಸರು ಹಿಡಿದು ರೈತರನ್ನೇ ಕೇಳಿದರು, ಮೀನನ್ನು ಡಿಎನ್‌ಎ ಪರೀಕ್ಷೆಗೂ ಕಳಿಸಿದರು. ಎಷ್ಟೋ ಕಡೆ ಬೋರ್ಡಿಗೂ ತಟ್ಟೆಗೂ ಸಂಬಂಧವೇ ಇರಲಿಲ್ಲ. ಹಾಗಾಗಿ ಮೆನುವಿನಲ್ಲಿ ತೋಟದ ಹೆಸರಿದ್ದರೆ ಅದನ್ನು ಮೊಬೈಲಲ್ಲಿ ಹುಡುಕಿ ನೋಡಿ. ಅವರು ಆ ಹೋಟೆಲ್‌ಗೆ ಕೊಡುತ್ತೇವೆ ಅಂತ ಎಲ್ಲಾದರೂ ಹೇಳಿಕೊಂಡಿದ್ದರೆ ಸರಿ. ಎರಡು ನಿಮಿಷದ ಕೆಲಸ.

ಇನ್ನು ಹತ್ತಿರದ್ದು ತಿಂದರೆ ಪರಿಸರ ಉಳಿಯುತ್ತದೆ ಅಂತ ಮಾಡುತ್ತಿದ್ದರೆ ಸ್ವಲ್ಪ ತಡೆಯಿರಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇಬ್ಬರು 2008ರಲ್ಲಿ ಅಮೆರಿಕದ ಮನೆಗಳ ಲೆಕ್ಕ ಹಾಕಿದ್ದರು. ಆಹಾರದಿಂದ ಆಗುವ ಹಸಿರುಮನೆ ಅನಿಲದಲ್ಲಿ ಸಾಗಣೆಯ ಪಾಲು ಸುಮಾರು 11%, ಉಳಿದದ್ದರಲ್ಲಿ ಬಹುಪಾಲು ಬೆಳೆಯುವ ಹಂತದ್ದೇ. ಎಲ್ಲಿಂದ ಬಂತು ಅನ್ನುವುದಕ್ಕಿಂತ ಏನು ತಿಂದಿರಿ ಅನ್ನುವುದೇ ಅಲ್ಲಿ ದೊಡ್ಡದು.

ಸಂತೆಪ್ರಿಯೆ:
@ಅಡ್ಡಪ್ರಶ್ನೆ, ಅವರು ಪರಿಸರ ಅಂತ ಎಲ್ಲಿ ಹೇಳಿದರು? ಎಲ್ಲಾ ಊರಲ್ಲೂ ಒಂದೇ ರುಚಿ ಅಂತ ಬೇಜಾರಾಗಿದೆ, ಅಷ್ಟೇ. ಕಿತ್ತ ದಿನವೇ ಬೇಯಿಸಿದ್ದಕ್ಕೂ ವಾರ ಕೋಲ್ಡ್ ಸ್ಟೋರೇಜಲ್ಲಿ ಕೂತು ಬಂದದ್ದಕ್ಕೂ ವ್ಯತ್ಯಾಸ ನಾಲಿಗೆಗೆ ಗೊತ್ತಾಗುತ್ತದೆ. ದುಡ್ಡು ಆ ಊರಲ್ಲೇ ಉಳಿಯುತ್ತದೆ ಅನ್ನುವುದೂ ಸಣ್ಣ ಮಾತಲ್ಲ.

ತಿರುಗಾಟ:
ತಡವಾಗಿ ನೋಡಿದೆ. ಯುರೋಪಿನ ಕಡೆ ಹೋದರೆ ಎರಡು ಗುರುತು ಉಪಯೋಗಕ್ಕೆ ಬರುತ್ತವೆ. ಒಂದು, ಫಾಸ್ಟ್ ಫುಡ್ ಬಿಟ್ಟು ಆಯಾ ಊರಿನ ಊಟ ಉಳಿಸಬೇಕು ಅನ್ನುವ ಸ್ಲೋ ಫುಡ್ ಚಳವಳಿಯವರ ಬಸವನಹುಳು ಚಿತ್ರ. 1986ರಲ್ಲಿ ರೋಮ್‌ನ ಸ್ಪ್ಯಾನಿಷ್ ಮೆಟ್ಟಿಲುಗಳ ಹತ್ತಿರ ಮೆಕ್‌ಡೊನಾಲ್ಡ್ಸ್ ತೆರೆದಾಗ ಎದ್ದ ವಿರೋಧದ ಹೊತ್ತಿಗೆ ಕಾರ್ಲೊ ಪೆಟ್ರೀನಿ ಶುರು ಮಾಡಿದ್ದು, ಈಗ ಬೇರೆ ದೇಶಗಳಲ್ಲೂ ಅವರ ಗುಂಪುಗಳಿವೆ. ಆ ಗುಂಪಿನವರಿಗೆ ಒಂದು ಮೆಸೇಜ್ ಹಾಕಿದರೆ ಮೊಬೈಲಲ್ಲಿ ಸಿಗುವ ಪಟ್ಟಿಗಿಂತ ಒಳ್ಳೆಯ ಮಾಹಿತಿ ಸಿಗುತ್ತದೆ. ಇನ್ನೊಂದು, ಇಟಲಿಯಲ್ಲಿ 'ಕಿಲೋಮೀಟರ್ ಸೊನ್ನೆ' ಅನ್ನುವ ಬೋರ್ಡು, ಅಂದರೆ ಇಲ್ಲೇ ಬೆಳೆದದ್ದು ಅಂತ. ಒಳ್ಳೆಯ ಹೋಟೆಲ್‌ಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಗೈಡ್‌ನವರು ಪರಿಸರದ ಕಾಳಜಿ ಇರುವ ಹೋಟೆಲ್‌ಗಳಿಗೆ 2020ರಲ್ಲಿ ಹಸಿರು ನಕ್ಷತ್ರ ಕೊಡಲು ಶುರು ಮಾಡಿದ್ದರು, ಆದರೆ ನಮ್ಮಂಥವರ ಜೇಬಿಗೆ ಅದು ಕಷ್ಟ.

ಎಲ್ಲಕ್ಕಿಂತ ಸುಲಭದ್ದು, ಆ ಊರಿನ ಭಾಷೆಯಲ್ಲಿ ಹುಡುಕಿ. 'ಋತುವಿನ ಅಡುಗೆ', 'ತೋಟದಿಂದ' ಅನ್ನುವ ಮಾತುಗಳನ್ನು ಆ ಭಾಷೆಗೆ ಮಾಡಿಕೊಂಡು ಹಾಕಿ. ಬರುವ ಪಟ್ಟಿಯೇ ಬೇರೆ.

ದಾರಿಹೋಕ:
ಎಲ್ಲರಿಗೂ ಥ್ಯಾಂಕ್ಸ್. ಈ ವಾರ ಹೋಗಿ ಬಂದೆ, ಕಡಲ ತೀರದ ಊರು. ಬೆಳಗ್ಗೆ ಏಳಲು ಆಗಲಿಲ್ಲ, ಹಾಗಾಗಿ ಮೆನು ಫೋಟೊಗಳನ್ನೇ ತಾಳೆ ನೋಡಿದೆ. ಐದು ಹೋಟೆಲ್‌ಗಳಲ್ಲಿ ಒಂದರದ್ದು ಮಾತ್ರ ಬದಲಾಗಿತ್ತು. ಮೂರೂವರೆಗೆ ಫೋನ್ ಮಾಡಿ "ಇವತ್ತು ಹತ್ತಿರದಿಂದ ಬಂದದ್ದು ಏನಿದೆ?" ಅಂತ ಕೇಳಿದರೆ ಆ ಕಡೆಯವರು "ಮೀನು ಕೇಳಬೇಡಿ, ಎರಡು ದಿನದಿಂದ ಗಾಳಿ, ದೋಣಿಗಳು ಹೋಗಿಲ್ಲ. ಸೊಪ್ಪಿದೆ, ಗೆಣಸಿದೆ, ಬನ್ನಿ" ಅಂದರು. ಮೀನು ತಿನ್ನಬೇಕು ಅಂತಲೇ ಹೋದವನು ಗೆಣಸು ತಿಂದು ಬಂದೆ.

ಒಲೆಮುಂದೆ:
ಸರಿಯಾದ ಜಾಗಕ್ಕೇ ಹೋಗಿದ್ದೀರಿ.

ಅಡ್ಡಪ್ರಶ್ನೆ:
ಪಕ್ಕದ ಹೋಟೆಲ್‌ನಲ್ಲಿ ಅವತ್ತು ಮೀನು ಇತ್ತಾ? ಅದನ್ನು ಹೇಳಿ ಮೊದಲು.

ದಾರಿಹೋಕ:
ಇತ್ತು. 'ಇವತ್ತೇ ಹಿಡಿದದ್ದು' ಅಂತ ಬೋರ್ಡೂ ಇತ್ತು.