ಮಿಶ್ರತಳಿ, ಬೆರಕೆ, ಕಲಬೆರಕೆ: ಬೀನ್ಸಿಗೆ ಯಾವುದು ಆಗ್ತದೆ?

ಎಲ್ರಿಗೂ ನಮಸ್ಕಾರ. ಆಫ್ರಿಕಾದ ಬೀನ್ಸ್ ಸಂಶೋಧನಾ ಒಕ್ಕೂಟದ ಬಗ್ಗೆ ಒಂದು ಬರಹ ಕನ್ನಡಕ್ಕೆ ಮಾಡ್ತಾ ಇದ್ದೇನೆ. ಚಿಕ್ಕದಾಗಿ ಪಾಬ್ರಾ ಅಂತಾರೆ ಅದಕ್ಕೆ, 1996ರಲ್ಲಿ ಶುರುವಾದದ್ದು, ಈಗ 30ಕ್ಕಿಂತ ಹೆಚ್ಚು ದೇಶ ಉಂಟು ಅದ್ರಲ್ಲಿ. ಓದುವವರು ನಮ್ಮ ಉಡುಪಿ, ಕಾರ್ಕಳ ಕಡೆಯ ಕೃಷಿಕರು, ಹಾಗಾಗಿ ಇಲಾಖೆ ಕನ್ನಡ ಹಾಕಿದ್ರೆ ಎರಡನೇ ಸಾಲಿಗೇ ಮಡಚಿ ಇಡ್ತಾರೆ. ಒಂದೆರಡು ಶಬ್ದಕ್ಕೆ ಸಿಕ್ಕಿಬಿದ್ದಿದ್ದೇನೆ, ನಿಮ್ಮ ಸಹಾಯ ಬೇಕು.

ಬೆಳೆಯ ಹೆಸರೇ ಮೊದಲ ತಲೆಬಿಸಿ. ಹುರುಳಿ ಅಂತ ಬರೆದ್ರೆ ಇಲ್ಲಿಯವರಿಗೆ ಕುಡುವೇ ಕಾಣುದು, ಹುರುಳಿಕಾಯಿ ಅಂದ್ರೆ ಪಲ್ಯಕ್ಕೆ ಕೊಚ್ಚುವ ಹಸಿ ಕೋಡು, ಆದ್ರೆ ರುವಾಂಡ, ಉಗಾಂಡ ಕಡೆ ಜನ ದಿನಾ ತಿನ್ನುದು ಅದೇ ಗಿಡದ ಒಣ ಕಾಳು, ನಾವು ರಾಜ್ಮಾ ಅಂತ ಅಂಗಡಿಯಿಂದ ತರ್ತೇವಲ್ಲ ಅದು. ಅಲಸಂಡೆ ಬೇರೆ ಜಾತಿ, ಅವರೆ ಮತ್ತೂ ಬೇರೆ. ಈ ಬೀನ್ಸಿಗೆ ಘಟ್ಟದ ಮೇಲೆ ತಿಂಗಳವರೆ ಅಂತಾರಂತೆ, ನಮ್ಮಲ್ಲಿ ಹಾಗೆ ಹೇಳಿದ್ರೆ ಯಾರಿಗೂ ತಲೆಗೆ ಹೋಗ್ಲಿಕ್ಕಿಲ್ಲ. ಬೀನ್ಸ್ ಕಾಳು ಅಂತಲೇ ಇಟ್ಟಿದ್ದೇನೆ, ಅದು ಅಲ್ಲಿಗೆ ಬಿಡುವ. ಗಿಡ ಬೀನ್ಸ್, ಬಳ್ಳಿ ಬೀನ್ಸ್ ಕೂಡ ಕಷ್ಟ ಇಲ್ಲ.

ನಿಜವಾಗಿ ಕೇಳ್ಬೇಕಾದ್ದು ಇದು. ರುವಾಂಡದ ರೈತರು ಮೊದಲಿಂದಲೂ ಒಂದೇ ಗದ್ದೆಗೆ ಕೆಂಪು, ಬಿಳಿ, ಕಪ್ಪು, ಚುಕ್ಕೆ ಇದ್ದದ್ದು ಅಂತ ಬೇರೆ ಬೇರೆ ನಮೂನೆಯ ಬೀನ್ಸ್ ಒಟ್ಟಿಗೆ ಬಿತ್ತುವವರು, ಬೇಕಂತಲೇ, ಮಳೆ ಜಾಸ್ತಿಯಾದ್ರೆ ಒಂದು ಹೋದ್ರೂ ಇನ್ನೊಂದು ನಿಲ್ತದೆ, ರೋಗ ಬಂದ್ರೂ ಹಾಗೆಯೇ. ಇಂಗ್ಲಿಷಲ್ಲಿ ವೆರೈಟಿ ಮಿಕ್ಸ್ಚರ್ ಅಂತ ಸಲೀಸಾಗಿ ಹೇಳಿ ಮುಗಿಸ್ತಾರೆ. ಕನ್ನಡದಲ್ಲಿ ಮಿಶ್ರತಳಿ ಅಂತ ಹಾಕಿದ್ರೆ ಕೆಟ್ಟಿತು, ಡೈರಿಗೆ ಹಾಲು ಹಾಕುವವರಿಗೆಲ್ಲ ಮಿಶ್ರತಳಿ ಅಂದ್ರೆ ಜರ್ಸಿ ದನ, ಅಂದ್ರೆ ಕ್ರಾಸ್ ಮಾಡಿದ್ದು. ಬಿತ್ತಿನ ವಿಷಯದಲ್ಲಿ ಅದು ನೇರ ಹೈಬ್ರಿಡ್ ಅಂತ ಆಗ್ತದೆ, ಹೈಬ್ರಿಡ್ ಅಂದ್ರೆ ವರ್ಷ ವರ್ಷ ಪ್ಯಾಕೆಟ್ ತೆಗೀಬೇಕು. ಇಲ್ಲಿ ಸಂಗತಿ ಪೂರ್ತಿ ಉಲ್ಟಾ ಮಾರಾಯ್ರೆ. ಬೀನ್ಸ್ ಹೂವು ತನ್ನಲ್ಲೇ ಪರಾಗ ಕೂಡಿಸ್ಕೊಳ್ತದೆ, ಮನೆಯಲ್ಲಿ ತೆಗೆದಿಟ್ಟ ಬಿತ್ತು ಮುಂದಿನ ಸಲ ಹೆಚ್ಚುಕಮ್ಮಿ ಅದೇ ಬರ್ತದೆ, ಕಂಪೆನಿಗಳಿಗೆ ಇದ್ರಲ್ಲಿ ದೊಡ್ಡ ಆಸೆ ಇಲ್ಲದ್ದೂ ಅದಕ್ಕೇ. ಆಸುಪಾಸಿನ ದೇಶಗಳು ತಾವೇ ಸೇರಿ ಒಳ್ಳೆ ಬಿತ್ತು ಹಂಚಿಕೊಳ್ಳುವ ಹಾಗಾದ್ದಕ್ಕೆ ಇದೂ ಒಂದು ಕಾರಣ. 1994ರ ನರಮೇಧ ಆದ ಮೇಲೆ ರುವಾಂಡದ ಬಿತ್ತನ್ನು ನೆರೆ ದೇಶಗಳಲ್ಲಿ ಬೆಳೆಸಿ ವಾಪಸ್ ತಂದುಕೊಟ್ಟದ್ದುಂಟು. ಇದನ್ನೆಲ್ಲ ಬರೆದ ಮೇಲೆ ಮಿಶ್ರತಳಿ ಅನ್ನುವ ಶಬ್ದ ಹಾಕಿದ್ರೆ ಪುಟ ಪೂರ್ತಿ ಹಾಳು.

ಕಲಬೆರಕೆ ಆಗ್ಲಿಕ್ಕೇ ಇಲ್ಲ, ಹಾಲಿಗೆ ನೀರು ಹಾಕಿದ ಲೆಕ್ಕ. ಮಿಶ್ರ ಬೆಳೆ ಅಂದ್ರೆ ಅಡಿಕೆ ಮಧ್ಯೆ ಕೊಕ್ಕೋ, ಆ ಶಬ್ದ ಆಗ್ಲೇ ಬುಕ್ ಆಗಿದೆ. ಬೆರಕೆ ಬಿತ್ತು ಅಂತ ನಂಗೆ ಇಷ್ಟ, ಆದ್ರೆ ಮಂಗಳೂರಲ್ಲಿ 'ಅವ ಭಾರಿ ಬೆರ್ಕೆ' ಅಂದ್ರೆ ಭಾರಿ ಚಾಲಾಕಿ ಅಂತ ಅರ್ಥ, ನಗಾಡ್ತಾರೆ. ಕೂಡುಬಿತ್ತು ಅಂತ ಒಂದು ತೋಚಿತು, ಅದು ನಾನೇ ಕಟ್ಟಿದ್ದು, ಯಾರ ಬಾಯಲ್ಲೂ ಇಲ್ಲ.

ಇನ್ನೊಂದು ತಲೆಬಿಸಿ ಲೈನ್ ಅನ್ನುವ ಶಬ್ದ, ಇನ್ನೂ ಬಿಡುಗಡೆ ಆಗದೆ ಪರೀಕ್ಷೆಯಲ್ಲಿರುವ ಬಿತ್ತಿಗೆ ಇಂಗ್ಲಿಷಲ್ಲಿ ಹಾಗೆ ಹೇಳ್ತಾರೆ. ಕೊಲಂಬಿಯಾದ ಪಾಲ್ಮಿರಾದಲ್ಲಿರುವ ಸಿಯಾಟ್ ಅನ್ನುವ ಕೃಷಿ ಸಂಶೋಧನಾ ಸಂಸ್ಥೆಯ ಸಿಎಎಲ್ 96 ಅನ್ನುವ ಬೀನ್ಸನ್ನು ಉಗಾಂಡದವರು ತಮ್ಮಲ್ಲಿ ಪರೀಕ್ಷೆ ಮಾಡಿ 1994ರಲ್ಲಿ ಕೆ132 ಅಂತ ಬಿಡುಗಡೆ ಮಾಡಿದ್ರು. ಬಿತ್ತು ಒಂದೇ, ಹೆಸರು ಎರಡು. ಎರಡಕ್ಕೂ ತಳಿ ಅಂದ್ರೆ ಎರಡು ಬೇರೆ ಬೇರೆ ಅಂತ ಓದುವವರು ಎಣಿಸ್ತಾರೆ, ಸಾಲು ಅಂದ್ರೆ ಗದ್ದೆಯಲ್ಲಿ ನೆಟ್ಟ ಸಾಲು ಆಗ್ತದೆ. ನಮ್ಮಲ್ಲಿ ಈ ರಗಳೆ ಇಲ್ಲದ್ದಕ್ಕೆ ಕಾರಣ ಎಂಒ 4 ಇರ್ಬೇಕು, ಕೇರಳದ ಮಂಕೊಂಬಿನ ಭತ್ತ, ಅಲ್ಲಿ ಭದ್ರ ಅಂತಲೂ ಹೇಳ್ತಾರೆ, ಇಲ್ಲಿ ಏಣೆಲಿಗೆ, ಅಂದ್ರೆ ಮಳೆಗಾಲದ ಬೆಳೆಗೆ, ಹಾಕುವವರು ಎಂಒ ನಾಲ್ಕು ಅಂತ ನಂಬರಲ್ಲೇ ಕರೆದು ಆರಾಮಲ್ಲಿದ್ದಾರೆ. ನನ್ನ ಅಂದಾಜಿಗೆ ಬಿಡುಗಡೆಗೆ ಮೊದಲು 'ಪರೀಕ್ಷೆಯ ಬಿತ್ತು', ಆದ ಮೇಲೆ 'ತಳಿ' ಅಂತ ಮಾಡಿದ್ರೆ ಸಾಕು. ಆಗ್ಲಿಕ್ಕಿಲ್ಲ ಅನ್ನುವವರು ಬೇರೆ ಶಬ್ದ ಕೊಡಿ, ಬರೇ ಆಗ್ಲಿಕ್ಕಿಲ್ಲ ಅನ್ಬೇಡಿ.

ಕುಂದಾಪುರ, ಸುಳ್ಯ, ಬೆಳ್ತಂಗಡಿ ಕಡೆಯವರು ಯಾರಾದ್ರೂ ಸುಗ್ಗಿ ಕೊಯ್ದ ಗದ್ದೆಗೆ ಎರಡು ಮೂರು ನಮೂನೆಯ ಅಲಸಂಡೆ ಒಟ್ಟಿಗೆ ಬಿತ್ತುದುಂಟಾ? ಉಂಟಾದ್ರೆ ಮನೆಯಲ್ಲಿ ಹಿರಿಯರು ಆ ಬಿತ್ತಿಗೆ ಎಂತ ಹೇಳ್ತಾರೆ, ಕೇಳಿ ಬರೀರಿ. ತುಳು ಶಬ್ದ ಆದ್ರೂ ಅಡ್ಡಿ ಇಲ್ಲ.